ಶಂಕೆ ಮತ್ತು ಸಮಾಧಾನ: ಇಬ್ರಾಹಿಂ ಸುತಾರರ ತತ್ತ್ವಪದ ಗಾಯನದ ಸ್ವರೂಪ

ಇಬ್ರಾಹಿಂ ನಬೀಸಾಹೇಬ ಸುತಾರ (1940–2022) ಅವರನ್ನು ಕುರಿತ ಬರವಣಿಗೆಯಲ್ಲಿ 'ಕನ್ನಡದ ಕಬೀರ' ಎಂಬ ಬಿರುದು ಬಾರದ ಪುಟ ಅಪರೂಪ. ಬಿರುದು ಪ್ರೀತಿಯಿಂದ ಬಂದದ್ದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಕಲಾವಿದನನ್ನು ಪರಿಚಯಿಸುವ ಹೊತ್ತಿಗೇ ಅವನ ಕಲೆಯನ್ನು ಮರೆಮಾಡಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಮುಸಲ್ಮಾನರೊಬ್ಬರು ವಚನ ಹಾಡಿದರು, ಉಪನಿಷತ್ತಿನ ಮಾತನ್ನಾಡಿದರು ಎಂಬ ಬೆರಗಿನಲ್ಲಿಯೇ ವಿವೇಚನೆ ನಿಂತುಹೋಗಿದೆ. ಅವರು ಏನನ್ನು ಹಾಡಿದರು, ಹೇಗೆ ಹಾಡಿದರು, ಆ ಹಾಡಿಕೆಗೆ ಯಾವ ಪೂರ್ವಪರಂಪರೆಯಿತ್ತು ಎಂಬ ಪ್ರಶ್ನೆಗಳು ಹಿಂದೆ ಬಿದ್ದಿವೆ.

ಈ ಬೆರಗು ಬಹುಮಟ್ಟಿಗೆ ನಗರದ ಬೆರಗು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮುಸಲ್ಮಾನರ ಒಂದು ಮನೆಯೂ ಇಲ್ಲದ ಕಡೆ ಮೊಹರಂ ನಡೆಯುವುದುಂಟು. ಅಲಾವಿಯ ಸುತ್ತ ರಿವಾಯತ ಪದಗಳನ್ನು ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅದೇ ರೀತಿ ಮಠದ ಜಾತ್ರೆಯ ಭಜನೆಯಲ್ಲಿ ತಾಳ ಹಿಡಿದ ಮುಸಲ್ಮಾನ ಅಲ್ಲಿನವರಿಗೆ ಸೋಜಿಗವಲ್ಲ. ಶಿಶುನಾಳ ಶರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾದದ್ದು ಇಂಥ ನೆಲದಲ್ಲಿಯೇ. ಸುತಾರರನ್ನು ಅಪವಾದವೆಂದು ನೋಡುವುದಕ್ಕಿಂತ ಈ ಕೊಡುಕೊಳೆಯ ಒಬ್ಬ ವಾರಸುದಾರನೆಂದು ನೋಡುವುದು ಹೆಚ್ಚು ಸಮಂಜಸ.

ಇಂದಿನ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ನೇಕಾರರ ಊರು. ಸುತಾರ ಎಂಬ ಅಡ್ಡಹೆಸರು ಬಡಿಗತನವನ್ನು ಸೂಚಿಸಿದರೂ ಇಬ್ರಾಹಿಂ ಅವರು ಹೊಟ್ಟೆಪಾಡಿಗೆ ಹಿಡಿದದ್ದು ಮಗ್ಗವನ್ನು. ಬಡತನದಿಂದಾಗಿ ಶಾಲೆ ಮೂರನೆಯ ಇಯತ್ತೆಗೇ ಮುಗಿಯಿತು. ಮಸೀದಿಯಲ್ಲಿ ಕುರಾನ್ ಮತ್ತು ನಮಾಜಿನ ಕಲಿಕೆ, ಭಜನಾ ಮೇಳದಲ್ಲಿ ವಚನ ಮತ್ತು ತತ್ತ್ವಪದಗಳ ಕಲಿಕೆ, ಇವೆರಡೂ ಅವರ ಪಾಲಿಗೆ ಒಂದೇ ಊರಿನ ಎರಡು ಶಾಲೆಗಳಾದವು. 1970ರಲ್ಲಿ ಗೆಳೆಯರೊಡನೆ ಕಟ್ಟಿದ 'ಭಾವೈಕ್ಯ ಜಾನಪದ ಸಂಗೀತ ಮೇಳ'ವು ಅವರನ್ನು ನಾಡಿನಾದ್ಯಂತ ಕರೆದೊಯ್ದಿತು. 2018ರಲ್ಲಿ ಪದ್ಮಶ್ರೀ ಸಂದಿತು. 2022ರ ಫೆಬ್ರವರಿ 5ರಂದು ಅವರು ನಿಧನರಾದರು.

ಮೇಳದ ಹೆಸರಿನಲ್ಲಿರುವ 'ಜಾನಪದ' ಎಂಬ ಮಾತು ಶಾಸ್ತ್ರಜ್ಞರಿಗೆ ತೊಡಕಾಗಬಹುದು. ತತ್ತ್ವಪದಕ್ಕೆ ಕರ್ತೃವಿದ್ದಾನೆ, ಅಂಕಿತವಿದೆ. ನಿಜಗುಣ ಶಿವಯೋಗಿಯ ಕೈವಲ್ಯ ಪದ್ಧತಿಯಾಗಲಿ, ಕಡಕೋಳ ಮಡಿವಾಳಪ್ಪನವರ ಪದಗಳಾಗಲಿ ಅನಾಮಿಕ ರಚನೆಗಳಲ್ಲ. ಸುತಾರರು ತಾವೇ ರಚಿಸಿದ ಪದಗಳೂ ಇವೆ. ಆದರೆ ಜಾನಪದತ್ವವನ್ನು ಕರ್ತೃವಿನ ಅಭಾವದಲ್ಲಿ ಹುಡುಕುವುದಕ್ಕಿಂತ ಪ್ರಯೋಗದಲ್ಲಿ ಹುಡುಕಬೇಕು. ಒಂದೇ ಪದ ಮಠದಲ್ಲಿ ಒಂದು ಧಾಟಿ, ಹೊಲದ ಬದುವಿನಲ್ಲಿ ಇನ್ನೊಂದು ಧಾಟಿ ಪಡೆಯುತ್ತದೆ. ಹಾರ್ಮೋನಿಯಂ ಇದ್ದಲ್ಲಿ ಒಂದು ನಡೆ, ಬರಿಯ ಏಕತಾರಿ ಮತ್ತು ದಮ್ಮಡಿ ಇದ್ದಲ್ಲಿ ಮತ್ತೊಂದು. ಮೇಳದವರು ಆ ಹೆಸರನ್ನು ಇಟ್ಟುಕೊಂಡದ್ದು ಸರಿಯಾಗಿಯೇ ಇದೆ.

ಸುತಾರರ ನಿಜವಾದ ಕೊಡುಗೆ ಇರುವುದು ಸಂವಾದದ ಕಟ್ಟಿನಲ್ಲಿ. ಪದವೊಂದು ಹಾಡಾಗಿ ಬರುತ್ತದೆ. ನಡುವೆ ಸಹಗಾಯಕ ತಡೆದು ಒಂದು ಸಂಶಯವನ್ನು ಮುಂದಿಡುತ್ತಾನೆ. ದೇವರು ಎಲ್ಲೆಡೆ ಇದ್ದರೆ ಗುಡಿಗೆ ಏಕೆ ಹೋಗಬೇಕು ಎಂಬಂಥ, ಕಟ್ಟೆಯ ಮೇಲೆ ಯಾರೂ ಕೇಳಬಹುದಾದ ಪ್ರಶ್ನೆ ಅದು. ಉತ್ತರ ಆಡುಮಾತಿನಲ್ಲಿ, ಮನೆ, ಹೊಲ, ಸಂತೆಗಳ ದೃಷ್ಟಾಂತದ ಮೂಲಕ ಬರುತ್ತದೆ. ಬಳಿಕ ಹಾಡು ಮತ್ತೆ ಎತ್ತಿಕೊಳ್ಳುತ್ತದೆ. ಇದರ ಹಿಂದೆ ಎರಡು ಪರಂಪರೆಗಳು ಕೂಡಿವೆ. ಒಂದು, ಆರೂಢ ಮಠಗಳಲ್ಲಿ ನಿಜಗುಣರ ಗ್ರಂಥಗಳನ್ನು ಓದಿ ಶಂಕೆ ಎತ್ತಿ ಸಮಾಧಾನ ಹೇಳುವ ಶಾಸ್ತ್ರಪ್ರವಚನದ ರೂಢಿ. ಇನ್ನೊಂದು, ಹರದೇಶಿ–ನಾಗೇಶಿಯ ಸವಾಲು–ಜವಾಬು. ಮೊದಲನೆಯದರಲ್ಲಿ ಕೇಳುವವನು ವಿನೀತ ಶಿಷ್ಯ. ಎರಡನೆಯದರಲ್ಲಿ ಕೇಳುವವನು ಪ್ರತಿಸ್ಪರ್ಧಿ. ಸುತಾರರ ಮೇಳದ ಪ್ರಶ್ನೆಗಾರ ಇವೆರಡರ ನಡುವೆ ನಿಲ್ಲುತ್ತಾನೆ: ಸೋಲಿಸಲು ಬಂದವನಲ್ಲ, ಸುಮ್ಮನೆ ಒಪ್ಪುವವನೂ ಅಲ್ಲ. ಅಕ್ಷರ ಬಾರದ ಶ್ರೋತೃವಿಗೆ ಆತ ತನ್ನದೇ ದನಿ. ಇರುಳೆಲ್ಲ ಕುಳಿತು ಕೇಳುವ ಸಭೆಯನ್ನು ಹಿಡಿದಿಟ್ಟದ್ದು ಕಂಠದ ಇಂಪಿನಷ್ಟೇ ಈ ಕಟ್ಟು ಕೂಡ.

ಇಲ್ಲಿಯೇ ಕಬೀರನ ಹೋಲಿಕೆ ಕುಂಟುತ್ತದೆ. ಮಗ್ಗ ಇಬ್ಬರಿಗೂ ಸಾಮಾನ್ಯ, ಸ್ವಭಾವ ಅಲ್ಲ. ಕಬೀರ ಪಂಡಿತನನ್ನೂ ಮುಲ್ಲಾನನ್ನೂ ಜರೆಯುತ್ತಾನೆ, ಕೇಳಿದವನನ್ನು ನೆಮ್ಮದಿಯಿಂದ ಮನೆಗೆ ಕಳುಹಿಸುವುದಿಲ್ಲ. ಸುತಾರರದು ಹೊಂದಿಸುವ ಮಾರ್ಗ. ಅವರ ಸಭೆಯಲ್ಲಿ ಸಮಾಧಾನ ಎಂದೂ ಸೋಲುವುದಿಲ್ಲ. ಇದು ಅವರ ಶಕ್ತಿಯೂ ಹೌದು, ಮಿತಿಯೂ ಹೌದು. ಶರೀಫರ ಬೆಡಗಿನ ಪದಗಳನ್ನು ಎತ್ತಿಕೊಂಡಾಗ ಈ ಮಿತಿ ಸ್ಪಷ್ಟವಾಗುತ್ತದೆ. ಬೆಡಗು ಬಗೆಹರಿಯದೆ ಉಳಿದಷ್ಟು ಹೊತ್ತು ಮಾತ್ರ ಬೆಡಗು. ಪ್ರತಿಯೊಂದು ಪ್ರತಿಮೆಗೂ ದೇಹ, ಮನಸ್ಸು, ಆತ್ಮ ಎಂದು ಅರ್ಥ ಹಚ್ಚಿದಾಗ ಪದ ತಿಳಿಯಾಗುತ್ತದೆ, ತೆಳುವೂ ಆಗುತ್ತದೆ. ಹಾಗಿದ್ದೂ ಅರ್ಥ ಬಿಡಿಸುವ ಕೆಲಸವನ್ನು ಅವರು ಶುರುಮಾಡಿದವರಲ್ಲ. ಮಠದ ಟೀಕಾಪರಂಪರೆಯಿಂದ ಅದು ಬಂದದ್ದು. ಮತ್ತೆ ಹಾಡಿಗೆ ಮರಳಿದಾಗ ಧಾಟಿಯು ವ್ಯಾಖ್ಯಾನ ಕಳೆದದ್ದನ್ನು ಒಂದಿಷ್ಟು ಮರಳಿ ತುಂಬಿಕೊಡುತ್ತಿತ್ತು ಎಂಬುದೂ ನಿಜ.

ಕಾಲದ ಒತ್ತಡವನ್ನೂ ಗಮನಿಸಬೇಕು. 1970ರಲ್ಲಿ 'ಭಾವೈಕ್ಯ' ಒಂದು ಮೇಳದ ಹೆಸರಷ್ಟೇ ಆಗಿದ್ದಿತು. 1992ರ ನಂತರದ ವಾತಾವರಣದಲ್ಲಿ ಅದೇ ಪದ ಬಹು ದೊಡ್ಡ ಹೊರೆಯನ್ನು ಹೊತ್ತಿತು. ಸೌಹಾರ್ದದ ವೇದಿಕೆಗಳಿಗೆ ಬೇಕಾದದ್ದು ಸಮಾಧಾನವೇ ಹೊರತು ಶಂಕೆಯಲ್ಲ. ಅರ್ಧ ಗಂಟೆಯ ಸರಕಾರಿ ಸಮಾರಂಭದಲ್ಲಿ ಪ್ರಶ್ನೆಗೆ ಎಡೆ ಸಾಲದು. ಇರುಳಿಡೀ ಬೆಳೆಯುತ್ತಿದ್ದ ಸಂವಾದ ಅಲ್ಲಿ ಉಪದೇಶಕ್ಕೆ ಇಳಿಯುವುದು ಸಹಜ. ಅವರನ್ನು ಪ್ರವಚನಕಾರರೆಂದು ಮಾತ್ರ ನೆನೆಯುವವರು ಈ ಮೊಟಕು ರೂಪವನ್ನೇ ಪೂರ್ಣ ರೂಪವೆಂದು ಭಾವಿಸಿದ್ದಾರೆ.

ಆದುದರಿಂದ ಅವರ ಪದಗಳನ್ನು ಬಿಡಿಬಿಡಿಯಾಗಿ ಅಚ್ಚುಮಾಡಿದ ಮಾತ್ರಕ್ಕೆ ಸಂಪಾದನೆ ಆದಂತಲ್ಲ. ಧ್ವನಿಮುದ್ರಣಗಳಿಂದ ಪಠ್ಯ ಇಳಿಸಿಕೊಳ್ಳುವವರು ಪದದೊಂದಿಗೆ ನಡುವಿನ ಆಡುಮಾತನ್ನು, ತಡೆದು ಕೇಳಿದ ಸಹಗಾಯಕನ ಮಾತನ್ನು, ಅದಕ್ಕೆ ಸಭೆ ನಕ್ಕ ಜಾಗವನ್ನು ಕೂಡ ಗುರುತಿಸಬೇಕು. ಕೇಳಿದವನ ಹೆಸರು ಬಿರುದಿನಲ್ಲಿ ಇಲ್ಲ. ಪಠ್ಯದಲ್ಲಾದರೂ ಅವನಿಗೆ ಸ್ಥಳವಿರಬೇಕು.