ಖಂಡಾಲದ ಇಳಿಜಾರಿಗೆ ಯಾವ ಬ್ರೇಕು?

ಪುಣೆ ಕಡೆಯಿಂದ ಘಾಟ್ ಇಳಿದು ಖೋಪೋಲಿಯಲ್ಲಿ ಗಾಡಿ ನಿಲ್ಲಿಸಿದ ಅನುಭವಿ ಚಾಲಕ ಮೊದಲು ಟ್ರೇಲರಿನ ಸುತ್ತ ಒಂದು ಸುತ್ತು ಹಾಕುತ್ತಾನೆ. ಚಕ್ರ ಮುಟ್ಟುವುದಿಲ್ಲ, ಡ್ರಮ್ಮಿನಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯುತ್ತಾನೆ. ಟ್ರೇಲರನ್ನು ಎಳೆಯುವ ಮುಂದಿನ ಗಾಡಿಯ, ಅಂದರೆ ಹಾರ್ಸಿನ, ಡ್ರಮ್ಮುಗಳು ಒಲೆಯ ಹಾಗೆ ಕಾದಿವೆ. ಲೈನರ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿದೆ. ಹಿಂದಿನ ಟ್ರೇಲರಿನ ಆರು ಡ್ರಮ್ಮುಗಳಲ್ಲಿ ಮೂರು ಬಿಸಿ, ಮೂರು ತಣ್ಣಗೆ. ಅವನಿಗೆ ಹೆದರಿಕೆ ಹುಟ್ಟಿಸುವುದು ಆ ತಣ್ಣಗಿನ ಮೂರು. ಇಳಿಜಾರಿನುದ್ದಕ್ಕೂ ಅವು ಕೆಲಸವನ್ನೇ ಮಾಡಿಲ್ಲ. ಅವುಗಳ ಪಾಲಿನ ಹೊರೆಯನ್ನು ಉಳಿದವು ಹೊತ್ತು ಬಂದಿವೆ.

ವಾಶಿಯ ಎಪಿಎಂಸಿ, ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆ, 1989ರಲ್ಲಿ ಶುರುವಾದ ನ್ಹಾವಾ ಶೇವಾ ಬಂದರು, ಇವು ಮೂರೂ ಒಂದರ ಪಕ್ಕ ಒಂದಿರುವ ಮುಂಬೈ ಪಕ್ಕದ ಈ ಸೀಮೆಯಲ್ಲಿ ಸರಕು ಹೊತ್ತು ಒಳಗೆ ಬರುವ ಗಾಡಿಗಳಲ್ಲಿ ಬಹುಪಾಲು ಒಂದಲ್ಲ ಒಂದು ಘಾಟ್ ಇಳಿದೇ ಬರಬೇಕು. ಲಾಸಲಗಾಂವಿನ ಈರುಳ್ಳಿ ಕಸಾರಾ ಘಾಟ್ ಇಳಿಯುತ್ತದೆ. ಕರ್ನಾಟಕದ ಮಾವು ಖಂಡಾಲ ಇಳಿಯುತ್ತದೆ. ಆದರೂ ಹೊಸ ಹಾರ್ಸ್ ಕೊಳ್ಳಲು ಹೋದ ಮಾಲೀಕ ಕೇಳುವುದು ಎಷ್ಟು ಮೈಲೇಜು, ಎಷ್ಟು ಹಾರ್ಸ್‌ಪವರ್, ತಿಂಗಳ ಕಂತು ಎಷ್ಟು ಎಂದೇ. ಬ್ರೇಕಿನ ಮಾತು ‘ಏರ್ ಬ್ರೇಕ್ ಇದೆ, ಎಬಿಎಸ್ ಇದೆ’ ಎಂಬಲ್ಲಿಗೆ ಮುಗಿಯುತ್ತದೆ. ಗಾಡಿ ಎಷ್ಟು ಎಳೆಯಬಲ್ಲದು ಎಂದು ವಿಚಾರಿಸುವವರು ಎಷ್ಟು ತಡೆಹಿಡಿಯಬಲ್ಲದು ಎಂದು ವಿಚಾರಿಸುವುದಿಲ್ಲ. ಘಾಟಿನಲ್ಲಿ ಪ್ರಾಣ ತೆಗೆಯುವ ತಪ್ಪು ಶೋರೂಮಿನ ಈ ಮೇಜಿನಿಂದಲೇ ಶುರುವಾಗುತ್ತದೆ.

ಖಂಡಾಲ ಘಾಟಿನ ಮೇಲಿರುವ ಲೋಣಾವಳಾ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಖೋಪೋಲಿಗೆ 500 ಮೀಟರಿಗೂ ಹೆಚ್ಚು ಇಳಿಯಬೇಕು. ಒಟ್ಟು 40 ಟನ್ ತೂಗುವ ಗಾಡಿ ವೇಗ ಏರದಂತೆ ಇಷ್ಟು ಇಳಿಯಬೇಕಾದರೆ ಎಲ್ಲೋ ಒಂದು ಕಡೆ ಸುಮಾರು 20 ಕೋಟಿ ಜೂಲ್ ಶಾಖ ಹೊರಬೀಳಲೇಬೇಕು. ಸಾಧಾರಣ ಬಿಸಿಲಿನ ದಿನದ ನೀರನ್ನು ಅದರಲ್ಲಿ ಕಾಯಿಸಿದರೆ 600 ಲೀಟರ್ ಕುದಿಯುತ್ತದೆ. ಗಾಳಿಯ ಎದುರೊತ್ತು, ಟೈರಿನ ಉಜ್ಜಾಟ ಇದರಲ್ಲಿ ಒಂದಿಷ್ಟು ನುಂಗುತ್ತವೆ, ನಿಜ. ಮಿಕ್ಕದ್ದೆಲ್ಲ ಕಾಲು ಗಂಟೆಯೊಳಗೆ ಹತ್ತು ಹನ್ನೆರಡು ಡ್ರಮ್ಮುಗಳ ಪಾಲಾದರೆ ಏನಾಗುತ್ತದೆ ಎಂಬುದನ್ನು ಆ ಸುಟ್ಟ ವಾಸನೆಯೇ ಹೇಳುತ್ತದೆ.

ಕಾದ ಡ್ರಮ್ಮು ಹಿಗ್ಗುತ್ತದೆ, ಲೈನರಿನಿಂದ ದೂರ ಸರಿಯುತ್ತದೆ. ಅದನ್ನು ಮುಟ್ಟಲು, ಹವಾದ ಬಲದಿಂದ ಲೈನರನ್ನು ಒತ್ತುವ ಬೂಸ್ಟರಿನ ರಾಡು ಇನ್ನಷ್ಟು ಮುಂದೆ ಬರಬೇಕು. ಅದಕ್ಕಿರುವ ಜಾಗವೋ ಎರಡೂವರೆ ಅಂಗುಲದ ಆಸುಪಾಸು. ರಾಡಿನ ಚಲನೆ ಹೊಂದಿಸುವ ಸ್ಲ್ಯಾಕ್ ಮೊದಲೇ ಸಡಿಲವಿದ್ದರೆ ರಾಡು ತುದಿ ಮುಟ್ಟಿ ನಿಲ್ಲುತ್ತದೆ. ಚಾಲಕ ಪೆಡಲ್ ಪೂರ್ತಿ ತುಳಿದಿದ್ದಾನೆ, ಟ್ಯಾಂಕಿನಲ್ಲಿ ಹವಾ ತುಂಬಿದೆ, ಬ್ರೇಕು ಮಾತ್ರ ಇಲ್ಲ. ಪತ್ರಿಕೆಗಳಲ್ಲಿ ‘ಬ್ರೇಕ್ ಫೇಲ್’ ಎಂದು ಎರಡೇ ಪದಗಳಲ್ಲಿ ಬರುವ ಸುದ್ದಿಯ ಹಿಂದೆ ಬಹಳ ಸಲ ಇರುವುದು ಇದೇ. ಯಾವ ಭಾಗವೂ ಮುರಿದಿರುವುದಿಲ್ಲ.

ಡಿಸ್ಕ್ ಬ್ರೇಕಿನಲ್ಲಿ ಈ ಹಿಗ್ಗುವಿಕೆಯ ತೊಂದರೆ ಇಲ್ಲ. ಡಿಸ್ಕ್ ಕಾದಷ್ಟೂ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಹಾಗೆಂದು ಡಿಸ್ಕ್ ಹಾಕಿಸಿದರೆ ಘಾಟಿನ ಚಿಂತೆ ತೀರಿತು ಎಂದುಕೊಳ್ಳುವುದು ದುಬಾರಿ ಭ್ರಮೆ. ಶಾಖ ಅಷ್ಟೇ ಇರುತ್ತದೆ, ಹೊರುವವರು ಬದಲಾಗಿರುತ್ತಾರೆ. ಕಾಲಿನ ಬ್ರೇಕು ಇರುವುದು ಗಾಡಿ ನಿಲ್ಲಿಸುವುದಕ್ಕೆ. ಮೈಲುಗಟ್ಟಲೆ ತಡೆಹಿಡಿಯುವುದಕ್ಕೆ ಬೇರೆಯದೇ ಸಾಧನ ಬೇಕು.

ಆ ಸಾಧನ ಹುಟ್ಟಿದ ಕತೆಯೂ ಒಂದು ಘಾಟಿನದೇ. 1931ರಲ್ಲಿ ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮ್ಮಿನ್ಸ್ ತನ್ನ ಎಂಜಿನ್ನಿನ ಬಲ ತೋರಿಸಲು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಟ್ರಕ್ ಓಡಿಸಿದ. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುವಾಗ ಬ್ರೇಕು ಕೈಕೊಟ್ಟಿತು. ಕೆಳಗೆ ರೈಲ್ವೆ ಕ್ರಾಸಿಂಗ್, ಅದರ ಮೇಲೆ ಹಾಯುತ್ತಿದ್ದ ಗೂಡ್ಸ್ ಗಾಡಿ. ಕೂದಲೆಳೆಯಲ್ಲಿ ಬದುಕಿದ ಆತ ಅದನ್ನು ಮರೆಯಲಿಲ್ಲ. ಎಂಜಿನ್ ಒತ್ತಿ ಹಿಡಿದ ಗಾಳಿಯನ್ನು ಸರಿಯಾದ ಗಳಿಗೆಯಲ್ಲಿ ಕವಾಟ ತೆರೆದು ಹೊರಗೆ ಬಿಟ್ಟರೆ, ಗಾಡಿಯನ್ನು ದೂಡುವ ಎಂಜಿನ್ನೇ ಅದನ್ನು ತಡೆಯುವ ಯಂತ್ರವಾಗುತ್ತದೆ ಎಂಬುದನ್ನು ನಿವೃತ್ತಿಯ ನಂತರ ರೂಪಿಸಿದ. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಕಂಪ್ರೆಷನ್ ಬ್ರೇಕ್ ಎಂದರೆ ಇದೇ.

ನಮ್ಮ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಎಕ್ಸಾಸ್ಟ್ ಬ್ರೇಕ್. ಹೊಗೆ ಕೊಳವೆಗೆ ಅಡ್ಡ ಬಾಗಿಲು ಹಾಕಿ ಎಂಜಿನ್ನಿನ ಉಸಿರು ಕಟ್ಟಿಸುವ ವಿದ್ಯೆ ಅದು. ಅಗ್ಗ, ಹಗುರ, ಬಿಡಿ ಲಾರಿಗೆ ಸಾಕು. ಸಣ್ಣ ಎಂಜಿನ್ನಿನ ಹಾರ್ಸಿಗೆ ಅದನ್ನೊಂದೇ ಕೊಟ್ಟು ಹಿಂದೆ ಕಂಟೇನರ್ ಕಟ್ಟುವುದು ಮಾತ್ರ ಸರಿಯಲ್ಲ. ಟ್ರೇಲರಿಗೆ ಬೇಕಾದದ್ದು ದೊಡ್ಡ ಎಂಜಿನ್ನಿನ ಜೊತೆಗೆ ಕಂಪ್ರೆಷನ್ ಬ್ರೇಕ್. ಮಂಗಳೂರು ಬಂದರಿನ ಟ್ಯಾಂಕರುಗಳ ಹಾಗೆ ಶಿರಾಡಿ ಘಾಟನ್ನು ವಾರವಾರವೂ ಹತ್ತಿಳಿಯುವವರಿಗೆ ರಿಟಾರ್ಡರ್ ಕೂಡ ದುಬಾರಿಯಲ್ಲ. ಎಣ್ಣೆಯನ್ನು ಕಡೆದು ಚಕ್ರ ತಡೆಯುವ ಈ ಯಂತ್ರ ಶಾಖವನ್ನು ರೇಡಿಯೇಟರಿಗೆ ದಾಟಿಸುತ್ತದೆ, ಲೈನರ್ ಸವೆಯುವುದಿಲ್ಲ. ತೂಕವಿದೆ, ಬೆಲೆಯಿದೆ, ಕೂಲಂಟ್ ಮಿತಿಮೀರಿ ಕಾದರೆ ತಾನೇ ಬಲ ತಗ್ಗಿಸಿಕೊಳ್ಳುವ ಸ್ವಭಾವವೂ ಇದೆ.

ಎಂಜಿನ್ ಬ್ರೇಕಿಗೂ ಒಂದು ಷರತ್ತಿದೆ. ಎಂಜಿನ್ ಜೋರಾಗಿ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಬಲ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಂಜಿನ್ ಅರಚಲು ಬಿಡಬೇಕು. ‘ಎಂಜಿನ್ ಹೋಗುತ್ತೆ’ ಎಂಬ ಹೆದರಿಕೆಯಿಂದ ಚಾಲಕರು ಗೇರ್ ಏರಿಸಿಬಿಡುತ್ತಾರೆ, ಕೆಲವರು ನ್ಯೂಟ್ರಲ್ ಮಾಡಿಬಿಡುತ್ತಾರೆ. 2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆಯ ಬಳಿ ಒಂದೇ ಟ್ರಕ್ಕು ಸಾಲುಸಾಲಾಗಿ ವಾಹನಗಳಿಗೆ ಬಡಿದು 48 ಗಾಡಿಗಳು ಜಖಂ ಆದವು. ಡೀಸೆಲ್ ಉಳಿಸಲು ಚಾಲಕ ಇಳಿಜಾರಿನಲ್ಲಿ ಎಂಜಿನ್ನನ್ನೇ ಆರಿಸಿದ್ದ ಎಂದು ಪೊಲೀಸರು ಹೇಳಿದರು. ಎಂಜಿನ್ ಆರಿದರೆ ಕಂಪ್ರೆಸರ್ ನಿಲ್ಲುತ್ತದೆ, ತುಳಿದಷ್ಟೂ ಹವಾ ಖಾಲಿಯಾಗುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ. ಹೊಟ್ಟೆ ಉರಿಯುವ ಸಂಗತಿಯೆಂದರೆ ಈ ಉಳಿತಾಯವೇ ಸುಳ್ಳು. ಇಂದಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿನ ಗಾಡಿ ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಸುರಿಯುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಚಾಲೂ ಇಟ್ಟು ಇಳಿದರೇ ಡೀಸೆಲ್ ಉರಿಯುತ್ತದೆ. ಇದನ್ನು ಮಾಲೀಕರು ಚಾಲಕರನ್ನು ಕೂರಿಸಿಕೊಂಡು ಹೇಳಬೇಕು, ಹೇಳುತ್ತಿಲ್ಲ. ಬದಲಿಗೆ ಉಳಿಸಿದ ಡೀಸೆಲ್ಲಿನ ಲೆಕ್ಕ ಕೇಳುತ್ತಾರೆ.

ಇಷ್ಟಾದರೂ ಆಯ್ಕೆ ಅರ್ಧವೇ ಆದಂತೆ. ಹಾರ್ಸ್ ಒಂದು ಕಡೆ ಕೊಳ್ಳುತ್ತಾರೆ, ಟ್ರೇಲರ್ ಇನ್ನೊಂದು ಕಡೆ ಕಟ್ಟಿಸುತ್ತಾರೆ. ಎರಡರ ನಡುವಿನ ಸಂಬಂಧವೆಂದರೆ ಒಂದು ಕೆಂಪು ಪೈಪು, ಒಂದು ಹಳದಿ ಪೈಪು, ಒಂದು ಎಬಿಎಸ್ ಕೇಬಲ್ಲು. ಕೆಂಪು ಟ್ರೇಲರಿಗೆ ಹವಾ ತುಂಬಿಸುತ್ತದೆ, ಹಳದಿ ಬ್ರೇಕಿನ ಆಜ್ಞೆ ಒಯ್ಯುತ್ತದೆ. ಕೇಬಲ್ಲು ಸಿಕ್ಕಿಸದಿದ್ದರೂ ಗಾಡಿ ಓಡುತ್ತದೆ, ಹಾಗಾಗಿ ಅದು ನೇತಾಡುತ್ತಲೇ ಇರುವುದುಂಟು. ಮಳೆಗಾಲದ ಖಂಡಾಲದಲ್ಲಿ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಮಳೆಯಲ್ಲಿ ಇನ್ನೊಂದು ಅಪಾಯ ಎಂಜಿನ್ ಬ್ರೇಕಿನದೇ. ಅದು ಹಿಡಿಯುವುದು ಹಾರ್ಸಿನ ಹಿಂದಿನ ಚಕ್ರಗಳನ್ನು ಮಾತ್ರ. ಒದ್ದೆ ರಸ್ತೆ, ಮೇಲೆ ಖಾಲಿ ಕಂಟೇನರ್ ಇದ್ದಾಗ ಅವು ಜಾರಿದರೆ ಹಿಂದಿನ ಟ್ರೇಲರ್ ದೂಡುತ್ತಾ ಬಂದು ಇಡೀ ಗಾಡಿ ಚಾಕು ಮಡಚಿದ ಹಾಗೆ ಮಡಚಿಕೊಳ್ಳುತ್ತದೆ. ನೂರು ಗುಣ ಹೇಳಿದ ಎಂಜಿನ್ ಬ್ರೇಕನ್ನೂ ಮಳೆಯಲ್ಲಿ ಹದವರಿತು ಬಳಸಬೇಕು ಎಂಬುದನ್ನು ಮಾರುವವರು ಹೇಳುವುದು ಅಪರೂಪ.

ಇದೇ ಬೆಟ್ಟವನ್ನು ರೈಲು ಇಳಿಯುವ ಕ್ರಮ ಪೂರ್ತಿ ಬೇರೆ. 1863ರಲ್ಲಿ ತೆರೆದ ಭೋರ್ ಘಾಟಿನ ಹಳಿ 37ಕ್ಕೆ 1ರಂತೆ ಇಳಿಯುತ್ತದೆ. ಬೆಂಗಳೂರು, ಸೊಲ್ಲಾಪುರದ ಕಡೆಯಿಂದ ಕಲ್ಯಾಣಕ್ಕೆ ಬರುವ ಪ್ರಯಾಣಿಕರು ಮಂಕಿ ಹಿಲ್, ಠಾಕುರವಾಡಿಗಳಲ್ಲಿ ಏಕೆ ನಿಂತಿತು ಎಂದು ಕಿಟಕಿಯಿಂದ ಇಣುಕುವುದುಂಟು. ಅಲ್ಲಿ ರೈಲು ತನ್ನ ಬ್ರೇಕು ಹಿಡಿಯುತ್ತದೆಂದು ತೋರಿಸಿಯೇ ಮುಂದೆ ಹೋಗಬೇಕು. ಹಿಡಿತ ತಪ್ಪಿದ ಗಾಡಿಯನ್ನು ಗುಡ್ಡದ ಕಡೆಗೆ ಏರಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್ ಪಕ್ಕದಲ್ಲೇ ಇದೆ. ಕರ್ನಾಟಕದ ಘಾಟಿನಲ್ಲೂ ಇಂಥದೇ ಶಿಸ್ತು: ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವಾಗ ರೈಲು ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ.

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಇಳಿಯುವ 40 ಟನ್ನಿನ ಗಾಡಿಯನ್ನು ಹಾಗೆ ನಿಲ್ಲಿಸಿ ಕೇಳುವವರಿಲ್ಲ. 2025ರ ಜುಲೈ 26ರಂದು ಖೋಪೋಲಿಯ ಹತ್ತಿರ ಹಿಡಿತ ತಪ್ಪಿದ ಕಂಟೇನರ್ ಟ್ರೇಲರ್ ಇಪ್ಪತ್ತರಷ್ಟು ವಾಹನಗಳಿಗೆ ಬಡಿಯಿತು, ಒಬ್ಬ ಮಹಿಳೆ ಸತ್ತರು. ಘಾಟಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಪೈಪು, ಕೇಬಲ್ಲು, ಸ್ಲ್ಯಾಕ್ ನೋಡಿಕೊಳ್ಳಲು ಹತ್ತು ನಿಮಿಷ ಸಾಕು. ಖೋಪೋಲಿಯಲ್ಲಿ ಅಂಗೈ ಹಿಡಿದು ತಣ್ಣಗಿನ ಡ್ರಮ್ಮು ಹುಡುಕುವ ಚಾಲಕ ಸ್ಪ್ಯಾನರ್ ಹಿಡಿದು ಟ್ರೇಲರಿನ ಅಡಿಗೆ ತೂರುತ್ತಾನೆ, ಸ್ಲ್ಯಾಕ್ ತಿರುಗಿಸಿ ಬಿಗಿ ಮಾಡುತ್ತಾನೆ. ಆ ಕೆಲಸ ಆಗಬೇಕಾಗಿದ್ದದ್ದು ಮೇಲೆ, ಖಂಡಾಲದಲ್ಲಿ.