ಕೂಸಿನ ಹಾಲು, ಹಿತ್ತಾಳೆ ಪಾತ್ರೆ

ತಾಮ್ರ, ಹಿತ್ತಾಳೆ ಪಾತ್ರೆಗಳ ಹುಚ್ಚಿರುವವರು ಪುಣೆಗೆ ಬಂದರೆ ಕಸಬಾ ಪೇಠೆಯ ತಾಂಬಟ್ ಆಳಿಗೆ ಹೋಗದೆ ಇರಲಾರರು. ಅಲ್ಲಿ ಎಲ್ಲರೂ ಹೊರಮೈಯ ಸುತ್ತಿಗೆ ಗುರುತಿಗೆ ಮರುಳಾಗುತ್ತಾರೆ. ನಾನು ಮೊದಲು ಒಳಗೆ ಇಣುಕುತ್ತೇನೆ: ಕಲಾಯಿ ಇದೆಯೇ? ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಉಜ್ಜಿದ ಕೂಡಲೇ ಹಳದಿ ಮೈ ಬೆಳ್ಳಗಾಗುತ್ತದೆ. ಆ ಗಳಿಗೆಯನ್ನು ಎಷ್ಟು ನೋಡಿದರೂ ಸಾಲದು.

ಆ ತೆಳು ಪದರ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಊರಿನ ಕೆಇಎಂ ಆಸ್ಪತ್ರೆ ಸಾಕ್ಷಿ. ಅಲ್ಲಿಗೆ ಬರುತ್ತಿದ್ದ ಒಂದೆರಡು ವರ್ಷದ ಮಕ್ಕಳ ಯಕೃತ್ತು ಗಟ್ಟಿಯಾಗಿ, ಅಂಚು ಬೆರಳಿಗೆ ಚೂಪಾಗಿ ತಾಗುತ್ತಿತ್ತು. ಹೊಟ್ಟೆಯಲ್ಲಿ ನೀರು ತುಂಬಿ, ಹೆಚ್ಚಿನ ಮಕ್ಕಳು ತಿಂಗಳುಗಳಲ್ಲೇ ತೀರಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಡಾ. ಆನಂದ ಪಂಡಿತ್, ಡಾ. ಶೀಲಾ ಭಾವೆ ಮತ್ತು ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಆ ಮಕ್ಕಳಿಗೆ ಏನು ಕುಡಿಸಿದ್ದರೆಂದು ಮನೆಯವರನ್ನು ಕೇಳುತ್ತ ಹೋದರು. ಹಸು, ಎಮ್ಮೆ ಹಾಲನ್ನು ಹಿತ್ತಾಳೆಯಲ್ಲಿ ಕಾಯಿಸಿ ಇಟ್ಟದ್ದು ಮತ್ತೆ ಮತ್ತೆ ಎದುರಾಯಿತು. ಹಾಲಿನ ಕೇಸಿನ್ ಪಾತ್ರೆಯ ತಾಮ್ರವನ್ನು ಹಿಡಿದು ಕೂಸಿನ ಕರುಳಿಗೆ ಒಯ್ಯುತ್ತದೆ. ಹೆಚ್ಚಾದ ತಾಮ್ರವನ್ನು ಪಿತ್ತದ ಮೂಲಕ ಮಲಕ್ಕೆ ಸಾಗಿಸುವ ಶಕ್ತಿ ಎಳೆಯ ಯಕೃತ್ತಿಗೆ ಇನ್ನೂ ಬಲಿತಿರುವುದಿಲ್ಲ.

ಅವರು ಕೊಟ್ಟು ನೋಡಿದ ಔಷಧಿ ಪೆನಿಸಿಲಮೈನ್. ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆಗೆ ಅದನ್ನು 1956ರಲ್ಲಿ ತಂದವರು ಜಾನ್ ವಾಲ್ಶ್. ಅದೂ ಕೇಸಿನ್‌ನಂತೆ ತಾಮ್ರವನ್ನು ಹಿಡಿಯುವುದೇ, ಆದರೆ ಒಯ್ಯುವುದು ಹೊರಕ್ಕೆ. ಖಾಲಿ ಹೊಟ್ಟೆಗೆ ಕೊಟ್ಟರೆ ನೂರಕ್ಕೆ 40ರಿಂದ 70 ಪಾಲು ರಕ್ತ ಸೇರುತ್ತದೆ. ಊಟದ ಜೊತೆ ಕೊಟ್ಟರೆ ಅದರಲ್ಲೂ ಸುಮಾರು ಅರ್ಧ ನಷ್ಟ. ಕಬ್ಬಿಣದ ಟಾನಿಕ್ ಜೊತೆಗಿದ್ದರಂತೂ ಕರುಳಿನಲ್ಲೇ ಕಬ್ಬಿಣಕ್ಕೆ ಅಂಟಿ ಕೂರುತ್ತದೆ. ಹಾಗಾಗಿ ಎರಡಕ್ಕೂ ನಡುವೆ ಎರಡು ಗಂಟೆಯಾದರೂ ಬಿಡಬೇಕು. ರಕ್ತಕ್ಕೆ ಇಳಿದ ಮೇಲೆ ಬಹುಪಾಲು ಅಲ್ಬುಮಿನ್‌ಗೆ ಅಂಟಿಕೊಂಡೇ ಓಡಾಡುತ್ತದೆ. ಮಾತ್ರೆ ನಿಲ್ಲಿಸಿದರೂ ಆ ಪಾಲು ಪೂರ್ತಿ ಬಿಡಿಸಿಕೊಳ್ಳಲು ದಿನಗಳೇ ಬೇಕು. ನನ್ನನ್ನು ಬೆರಗುಗೊಳಿಸುವುದು ಅದು ಹೊರಡುವ ದಾರಿ. ಪಿತ್ತದ ದಾರಿ ಸೋತಲ್ಲಿ ಅದು ತಾಮ್ರವನ್ನು ಮೂತ್ರಪಿಂಡದ ಕಡೆಗೆ ತಿರುಗಿಸಿ, ಮೂತ್ರದಲ್ಲಿ ಹರಿಸಿಬಿಡುತ್ತದೆ.

ಕಾಮಾಲೆ ಏರಿದ ಮೇಲೆ ಬಂದ ಮಕ್ಕಳಿಗೆ ಔಷಧಿ ಕೆಲಸ ಮಾಡುವಷ್ಟು ಹೊತ್ತು ಉಳಿದಿರುತ್ತಿರಲಿಲ್ಲ. ಬೇಗ ಬಂದವರಲ್ಲಿ ಹಲವರು ಬದುಕಿದರು. ವಿಲ್ಸನ್ ಕಾಯಿಲೆಯವರಿಗೆ ಚಿಕಿತ್ಸೆ ಜೀವನಪೂರ್ತಿ ಬೇಕು, ಅಲ್ಲಿ ದೋಷ ಹುಟ್ಟಿನಿಂದಲೇ ಮೈಯೊಳಗಿದೆ. ಈ ಮಕ್ಕಳಲ್ಲಿ ಹಲವರಿಗೆ ಮುಂದೆ ಮಾತ್ರೆಯನ್ನೇ ನಿಲ್ಲಿಸಲು ಸಾಧ್ಯವಾಯಿತು.