ಸೋತ ಕೋಡ್ ಇಳಿಯುವ ದಾರಿ

ಮಳೆಗಾಲದಲ್ಲಿ ಕಳಸದ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಯಾವಾಗ ಬರುತ್ತದೆಂದು ಕೇಳುತ್ತಾರೆ. ಇಂಥಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆ, ಕೆಲಸ ಕೆಟ್ಟಾಗ ಪ್ರೋಗ್ರಾಂ ಏನು ಮಾಡುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಮೂಡಿಗೆರೆಯಲ್ಲಿ ಕೂತೇ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದಿದ್ದರಲ್ಲ, ಈ ಸೀಮೆಗೆ ತಂತ್ರಾಂಶದ ಮಾತು ಹೊಸದೂ ಅಲ್ಲ.

ಲಿನಕ್ಸ್ ಕರ್ನಲ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ಸೋಲಿನ ದಾರಿ. ಡ್ರೈವರ್ ಒಂದು ಮೊದಲು ಮೆಮೊರಿ ಪಡೆಯುತ್ತದೆ, ಆಮೇಲೆ ಇಂಟರಪ್ಟ್, ಆಮೇಲೆ ನೋಂದಣಿ. ಮೂರನೆಯದು ಕೈಕೊಟ್ಟರೆ ಎರಡನೆಯದನ್ನು ಬಿಡಬೇಕು, ನಂತರ ಮೊದಲನೆಯದನ್ನು. ಏಣಿ ಹತ್ತಿ ಮೆಣಸು ಕೊಯ್ಯುವವನು ಮೆಟ್ಟಿಲು ತಪ್ಪಿಸದೆ ಇಳಿದ ಹಾಗೆ. ಪಾಠದಲ್ಲಿ ಬೈಸಿಕೊಳ್ಳುವ ‘ಗೋ ಟು’ ಇಲ್ಲಿ ಮರ್ಯಾದಸ್ಥ: ಫಂಕ್ಷನ್ನಿನ ಕೊನೆಯಲ್ಲಿ ಲೇಬಲ್‌ಗಳು ಉಲ್ಟಾ ಕ್ರಮದಲ್ಲಿ ಕಾಯುತ್ತಿರುತ್ತವೆ. ಪರಿಶೀಲಿಸುವವರು ಮೊದಲು ಕಣ್ಣು ಹಾಯಿಸಬೇಕಾದ್ದೂ ಅಲ್ಲಿಗೇ. ಆ ಸಾಲುಗಳು ಓಡುವುದೇ ಅಪರೂಪ, ಪರೀಕ್ಷೆಗೆ ಸಿಗುವುದು ಇನ್ನೂ ಅಪರೂಪ. 2014ರಲ್ಲಿ ಆಪಲ್‌ನ ಎಸ್‌ಎಸ್‌ಎಲ್ ಕೋಡ್‌ನಲ್ಲಿ ‘ಗೋ ಟು ಫೇಲ್’ ಸಾಲು ಎರಡು ಸಲ ಬಿದ್ದು, ಸಹಿಯ ಪರಿಶೀಲನೆಯೇ ಹಾರಿಹೋಗಿದ್ದು ಬೆಳಕಿಗೆ ಬಂತು.

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕಥೆ ಇನ್ನೂ ರುಚಿ. ಡಿಸ್ಕಿಗೆ ಬರೆಸುವ ‘ಎಫ್‌ಸಿಂಕ್’ ವಿಫಲವಾದರೆ ಮತ್ತೊಮ್ಮೆ ಕರೆದರಾಯಿತು ಎಂದು ಅದು ನಂಬಿತ್ತು. ಲಿನಕ್ಸಾದರೋ ಒಮ್ಮೆ ದೋಷ ತಿಳಿಸಿ, ಬರೆಯದ ಪುಟಗಳನ್ನೂ ಬರೆದಂತೆ ಗುರುತಿಸಿಬಿಡಬಹುದು; ಎರಡನೇ ಕರೆಗೆ ಸಿಗುವುದು ಸುಳ್ಳು ಯಶಸ್ಸು. 2018ರಲ್ಲಿ ಈ ಚರ್ಚೆ ಎದ್ದ ಮೇಲೆ ಪೋಸ್ಟ್‌ಗ್ರೆಸ್‌ನವರು ಆರಿಸಿಕೊಂಡ ಮದ್ದು ಒರಟು: ದೋಷ ಕಂಡೊಡನೆ ಸರ್ವರನ್ನೇ ಬೀಳಿಸಿ, ಲಾಗ್‌ನಿಂದ ಮರಳಿ ಕಟ್ಟುವುದು. ಹಳೆಯ ನಡೆಯೇ ಬೇಕೆನ್ನುವವರಿಗೆ ಒಂದು ಸೆಟ್ಟಿಂಗ್ ಕೂಡ ಬಿಟ್ಟಿದ್ದಾರೆ. ನಾನಂತೂ ಅದನ್ನು ಮುಟ್ಟಲಾರೆ.